ಐದನೆಯ ನಡೆಗೆ ಮುಂಚೆ

1998ರ ಜನವರಿಯ ಮೂರನೆಯ ಭಾನುವಾರ ಕೊಪ್ಪಳದಲ್ಲಿ ನಡೆದ ಚೆಸ್ ಪಂದ್ಯಾವಳಿಯ ಮೂರನೆಯ ಸುತ್ತಿನಲ್ಲಿ ದರ್ಜಿ ಹನುಮಂತಪ್ಪ ಅವರು ವಕೀಲ ಶರಣಗೌಡ ಅವರಿಗೆ ಇಪ್ಪತ್ತೆರಡನೆಯ ನಡೆಯಲ್ಲಿ ಸೋತರು. ಸೋಲುವ ಮೂರು ನಡೆ ಮುಂಚಿನವರೆಗೆ ಅವರ ಕಡೆ ಒಂದು ಆನೆ ಹೆಚ್ಚಿಗೆ ಇತ್ತು. ಹನುಮಂತಪ್ಪ ನನ್ನ ತಂದೆ. ಪತ್ರಿಕೆಯಲ್ಲಿ ಆ ಸುದ್ದಿಯ ಕರಡು ತಿದ್ದಿದವಳು ನಾನು.

ಕಳೆದ ತಿಂಗಳು ಕಿನ್ನಾಳಕ್ಕೆ ಹೋಗಿದ್ದೆ. ಬಣ್ಣದ ಗೊಂಬೆ ಮಾಡುವವರ ಓಣಿಯಲ್ಲಿ ಒಬ್ಬರು ಹುಣಸೆಬೀಜದ ಅಂಟು ಕುದಿಸುತ್ತಿದ್ದರು. ಆ ವಾಸನೆ ನಮ್ಮ ಮನೆಯ ಚದುರಂಗದ ಕಾಯಿಗಳದು. ಅಪ್ಪ ಮದುವೆಗೆ ಮೊದಲೇ ಅಲ್ಲಿಂದ ಮಾಡಿಸಿ ತಂದಿದ್ದ ಕಾಯಿಗಳು. ಒಂದು ಪಕ್ಷ ಕೆಂಪು, ಒಂದು ಪಕ್ಷ ಹಸಿರು. ಮಳೆಗಾಲದಲ್ಲಿ ಬಣ್ಣದ ಕೆಳಗಿನ ಅಂಟು ಮೆತ್ತಗಾಗಿ ಕೈಗೆ ಹತ್ತುತ್ತಿತ್ತು. 1998ರ ಮಳೆಗಾಲವಿಡೀ ನನ್ನ ಬೆರಳುಗಳಿಗೆ ಆ ವಾಸನೆ ಇತ್ತು. ಆ ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಶರಣಗೌಡರ ಆಟ ಓದುವುದು.

ಅವರನ್ನು ನಾನು ಕ್ಷಮಿಸಿಲ್ಲ. ಇದು ಕ್ಷಮೆಗಾಗಿ ಬರೆಯುತ್ತಿರುವುದೂ ಅಲ್ಲ. ನಡೆದದ್ದು ಕ್ರಮವಾಗಿ ಒಂದು ಕಡೆ ಇರಲಿ ಎಂದು ಬರೆಯುತ್ತಿದ್ದೇನೆ.

1997ರ ಆಗಸ್ಟ್‌ನಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲೆಯಾದ ಮೇಲೆ ಊರಿಗೆ ಕಚೇರಿಗಳು ಬಂದವು, ಬಾಡಿಗೆ ಏರಿತು, ಒಂದು ದಿನಪತ್ರಿಕೆಯೂ ಹುಟ್ಟಿತು. ನಾಲ್ಕು ಪುಟದ ಆ ಪತ್ರಿಕೆಯಲ್ಲಿ ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ನನಗಾಗ ಇಪ್ಪತ್ನಾಲ್ಕು ವರ್ಷ. ಅಲ್ಲಿಯವರೆಗೆ ನಮ್ಮ ಕಡೆ ಯಾವುದೂ 'ಜಿಲ್ಲಾ ಮಟ್ಟದ್ದು' ಇರಲಿಲ್ಲ. ಈಗ ಕಬಡ್ಡಿಯಿಂದ ರಂಗೋಲಿಯವರೆಗೆ ಎಲ್ಲವೂ ಜಿಲ್ಲಾ ಮಟ್ಟದ್ದಾಗಬೇಕಿತ್ತು. ಚೆಸ್ ಪಂದ್ಯಾವಳಿ ಹಾಗೆ ಬಂದದ್ದು. ಅದರ ಸಮಿತಿಯಲ್ಲಿ ಶರಣಗೌಡರಿದ್ದರು.

ಅಪ್ಪನ ಅಂಗಡಿ ಗಡಿಯಾರ ಕಂಬದಿಂದ ಕೂಗಳತೆಯ ದೂರದಲ್ಲಿತ್ತು. ಅಂಗಡಿಯ ಕಟ್ಟೆಯ ಮೇಲೆ ಪ್ರತಿ ಭಾನುವಾರ ಚದುರಂಗದ ಆಟ ನಡೆಯುತ್ತಿತ್ತು. ಶರಣಗೌಡರು ಹನ್ನೆರಡು ವರ್ಷ ಆ ಕಟ್ಟೆಗೆ ಬಂದವರು. ಅಪ್ಪನ ಎದುರು ಅವರು ಗೆದ್ದದ್ದು ಅಪರೂಪ. ಸೋತಾಗ ಕೋಟಿನ ಕಾಲರು ಸರಿಮಾಡಿಕೊಂಡು, ಈ ದರ್ಜಿ ಬಟ್ಟೆ ಅಷ್ಟೇ ಅಲ್ಲ, ಮಂದಿನೂ ಕತ್ತರಿಸ್ತಾನ ಎಂದು ನಗುತ್ತಿದ್ದರು. ಆ ನಗುವಿನಲ್ಲಿ ನಗು ಕಡಿಮೆ ಇತ್ತೆಂದು ನನಗೆ ತಿಳಿದದ್ದು ತಡವಾಗಿ.

ಕಟ್ಟೆಯ ಮೇಲೆ ಆಡುತ್ತಿದ್ದದ್ದು ನಮ್ಮ ಕಡೆಯ ಆಟ. ಅದರಲ್ಲಿ ಪ್ಯಾದೆ, ಅಂದರೆ ಕಾಲಾಳು, ಯಾವಾಗಲೂ ಒಂದೇ ಮನೆ ಮುಂದೆ ಹೋಗುತ್ತದೆ, ಮೊದಲ ನಡೆಯಲ್ಲೂ ಎರಡು ಮನೆ ಇಲ್ಲ. ರಾಜನಿಗೆ ಮಾತ್ರ ಒಂದು ಸವಲತ್ತು: ಶಹ, ಅಂದರೆ ತನ್ನ ಮೇಲೆ ನೇರ ದಾಳಿ, ಬೀಳುವ ಮುಂಚೆ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿದು ಸುರಕ್ಷಿತ ಜಾಗಕ್ಕೆ ಹೋಗಬಹುದು. ಅದಕ್ಕೆ ಜಿಗಿತ ಎಂದೇ ಹೆಸರು. ಪಂದ್ಯಾವಳಿಯ ನಿಯಮಗಳು ಬೇರೆ ಇದ್ದವು. ಅವುಗಳ ಎರಡು ಹಾಳೆ ಇಂಗ್ಲಿಷಿನಲ್ಲಿ ಬಂದಿದ್ದವು. ಅಪ್ಪನಿಗೆ ಇಂಗ್ಲಿಷ್ ಬಾರದು. ಮೊದಲ ಹಾಳೆ ನಾನು ಓದಿ ಹೇಳಿದೆ. ಪ್ಯಾದೆ ಮೊದಲ ಸಲ ಎರಡು ಮನೆ ಹೋಗಬಹುದು ಎಂಬುದು ಅದರಲ್ಲಿತ್ತು, ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬುದೂ ಇತ್ತು. ಎರಡನೆಯ ಹಾಳೆ ಓದಲಿಲ್ಲ. ಕಚೇರಿಗೆ ಹೊತ್ತಾಗಿತ್ತು.

ಪಂದ್ಯದ ಹಿಂದಿನ ದಿನ ಶರಣಗೌಡರು ಕೋಟಿಗೆ ಗುಂಡಿ ಹಚ್ಚಿಸಲು ಅಂಗಡಿಗೆ ಬಂದರು. ನಾನು ಬಾಗಿಲಲ್ಲಿ ಅಪ್ಪನ ಊಟದ ಡಬ್ಬಿ ಹಿಡಿದು ನಿಂತಿದ್ದೆ. ಅಪ್ಪ ಸೂಜಿಯಿಂದ ತಲೆ ಎತ್ತದೆ ಕೇಳಿದರು.

"ಗೌಡ್ರ, ನಾಳೆ ಜಿಗಿತ ಇರ್ತೈತೇನ್ರಿ?"

"ಅದ ರಾಜ, ಅದ ಕುದುರಿ. ಆಟ ಹೆಂಗ ಬ್ಯಾರೆ ಆಗ್ತೈತಿ ಹನುಮಂತಪ್ಪ? ಇರ್ತೈತಿ. ಆರಾಮ ಬಾ."

ಅಪ್ಪ ಗುಂಡಿಯ ದಾರ ಹಲ್ಲಿನಿಂದ ಕಡಿದು ಕೋಟು ಕೊಟ್ಟರು.

ಮರುದಿನ ಹತ್ತೊಂಬತ್ತನೆಯ ನಡೆಯಲ್ಲಿ ಅಪ್ಪ ತಮ್ಮ ರಾಜನನ್ನು ಎತ್ತಿ ಜಿಗಿಸಿದರು. ಶರಣಗೌಡರು ಕೈ ಎತ್ತಿದರು. ಅವರು ಅವಸರ ಮಾಡಲಿಲ್ಲ. ಬಸ್ಸಿಗೆ ಕೈ ಮಾಡುವವರ ಹಾಗೆ ಕೈ ಎತ್ತಿ, "ಯಂಕಪ್ಪ ಮಾಸ್ತರ, ಮುಟ್ಟಿದ ಕಾಯಿ" ಎಂದರು. ಯಂಕಪ್ಪ ಮಾಸ್ತರರು ಗಂಗಾವತಿಯ ಒಂದು ಶಾಲೆಯಲ್ಲಿ ಆಟ ಕಲಿಸುವವರು, ಅಂದಿನ ತೀರ್ಪುಗಾರರು. ಜಿಗಿತ ನಿಯಮದಲ್ಲಿಲ್ಲ, ಆದರೆ ರಾಜನನ್ನು ಮುಟ್ಟಿದ್ದರಿಂದ ರಾಜನನ್ನೇ ನಡೆಸಬೇಕು ಎಂದರು. ರಾಜನಿಗೆ ಹೋಗಲು ಇದ್ದದ್ದು ಒಂದೇ ಮನೆ, ಎದುರಾಳಿಯ ಬಾಯಿಗೆ. ಅಪ್ಪ ಶರಣಗೌಡರ ಮುಖ ನೋಡಿದರು. ಅವರು ಅಂಗಿಯ ತೋಳು ನೋಡಿಕೊಳ್ಳುತ್ತಿದ್ದರು. ಅಪ್ಪ ರಾಜನನ್ನು ಆ ಮನೆಯಲ್ಲಿಟ್ಟರು. ಮೂರನೆಯ ನಡೆಗೆ ಮಾತ್, ಆಟ ಮುಗಿಯಿತು.

ಹೊರಗೆ ಬಂದಾಗ ಶರಣಗೌಡರು ಚಹಾದ ಗುಂಪಿನ ನಡುವೆ ನಿಂತು ಹೇಳುತ್ತಿದ್ದರು: "ಹನುಮಪ್ಪ ಲಂಕಾಕ್ಕ ಜಿಗದ. ನಮ್ಮ ಹನುಮಂತಪ್ಪ ಒಂದ ಮನಿ ಜಿಗಿಯಾಕ ಹೋಗಿ ಬಿದ್ದ." ಆಂಜನೇಯ ಹುಟ್ಟಿದ ಬೆಟ್ಟ ನಮ್ಮದೇ ಆನೆಗೊಂದಿಯ ಮಗ್ಗುಲಿಗಿದೆ ಎಂದು ನಂಬುವ ಸೀಮೆ ನಮ್ಮದು. ಆ ಮಾತು ಒಂದು ವಾರದಲ್ಲಿ ಅಳವಂಡಿಯವರೆಗೆ ಹೋಗಿತ್ತು. ಅಲ್ಲಿಂದ ಬಟ್ಟೆ ಹೊಲಿಸಲು ಬಂದವರೊಬ್ಬರು ಅಳತೆ ಕೊಡುತ್ತ ಅದನ್ನು ಅಪ್ಪನಿಗೇ ಹೇಳಿದರು. ಅಪ್ಪ ಎದೆಯ ಅಳತೆ ಬರೆದುಕೊಂಡರು.

ಸುದ್ದಿ ಆ ಸಂಜೆಯೇ ನನ್ನ ಮೇಜಿಗೆ ಬಂತು. ವರದಿಗಾರ ಪಂದ್ಯಕ್ಕೆ ಬಂದಿರಲಿಲ್ಲ. ಶರಣಗೌಡರನ್ನು ಕೇಳಿ ಬರೆದಿದ್ದ. 'ನಿಯಮ ಅರಿಯದ ದರ್ಜಿಯೊಬ್ಬರು ಗೆಲ್ಲುವ ಆಟವನ್ನು ಕೈಚೆಲ್ಲಿದರು' ಎಂಬ ವಾಕ್ಯ ಅದರಲ್ಲಿತ್ತು. ಕರಡಿನ ಅಂಚಿನಲ್ಲಿ ಪ್ರಶ್ನೆ ಗುರುತು ಹಾಕಿ ಸಂಪಾದಕರ ಬಳಿ ಒಯ್ದೆ. ಸಂಪಾದಕರು ಸಿಡುಕಿನ ಮನುಷ್ಯ, ಆದರೆ ಸುಳ್ಳು ಛಾಪಿಸುವವರಲ್ಲ. ಶರಣಗೌಡರೇ ಜಿಗಿತ ಇದೆಯೆಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ ಎಂದೆ. ಅವರು ಕನ್ನಡಕ ಹಣೆಗೇರಿಸಿದರು.

"ನೀ ಮಗಳು. ಮಗಳ ಸಾಕ್ಷಿ ಮ್ಯಾಲೆ ಸುದ್ದಿ ತಿದ್ದಾಕ ಬರಂಗಿಲ್ಲ. ಗೌಡ್ರು ತಮ್ಮ ಬಾಯಿಲೆ ಹೇಳ್ಲಿ, ಹೊರಗಿನವರೊಬ್ರು ಕೇಳ್ಲಿ. ಅವತ್ತ ತಿದ್ದುಪಡಿ ಹಾಕ್ತೀನಿ, ವರ್ಷ ಆಗಿದ್ರೂ ಹಾಕ್ತೀನಿ."

ಅವರು ಹೇಳಿದ್ದು ಸರಿ ಇತ್ತು. ಪ್ರಶ್ನೆ ಗುರುತು ಅಳಿಸಿ, 'ಕೈಚೆಲ್ಲಿದರು' ಎಂಬುದರ ಒತ್ತಕ್ಷರ ಸರಿಯಾಗಿದೆಯೇ ನೋಡಿ, ಸಹಿ ಹಾಕಿ ಅಚ್ಚಿಗೆ ಕಳಿಸಿದೆ. ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಯಲ್ಲಿ ಅದನ್ನು ಓದಿದರು. ಓದಿ, ಕಾಯಿಗಳ ಚೀಲದಿಂದ ಕೆಂಪು ರಾಜನನ್ನು ಮಾತ್ರ ತೆಗೆದುಕೊಂಡರು. ಅಂದಿನಿಂದ ಅದು ಕತ್ತರಿಸಿದ ಬಟ್ಟೆ ಹಾರದಂತೆ ಮೇಲೆ ಇಡುವ ಭಾರವಾಯಿತು. ಭಾನುವಾರ ಜನ ಬಂದರು. ಅಪ್ಪ ಹೊಲಿಗೆ ಬಹಳ ಇದೆ ಎಂದರು. ನಾಲ್ಕು ಭಾನುವಾರಗಳ ನಂತರ ಯಾರೂ ಬರಲಿಲ್ಲ.

ನನಗೆ ಎರಡು ಸಂಗತಿ ಬೇಕಿದ್ದವು. ಶರಣಗೌಡರು ಅದೇ ಪಂದ್ಯಾವಳಿಯಲ್ಲಿ, ಅದೇ ಜನರ ಮುಂದೆ, ಅದೇ ತೀರ್ಪುಗಾರರ ಎದುರು ಸೋಲಬೇಕು. ಮತ್ತು 'ನಿಯಮ ಅರಿಯದ' ಎಂಬ ಮಾತು ಪತ್ರಿಕೆಯಲ್ಲಿಯೇ ತಿದ್ದುಪಡಿಯಾಗಬೇಕು. ಎರಡನೆಯದು ಹೇಗೆಂದು ತಿಳಿದಿರಲಿಲ್ಲ. ಮೊದಲನೆಯದು ಕಲಿಯಬಹುದಾದ ಕೆಲಸವಾಗಿತ್ತು.

ಜೂನ್ ಕೊನೆಗೆ ಮಳೆ ಹಿಡಿಯಿತು. ಜುಲೈಯಲ್ಲಿ ರಜೆ ಹಾಕಿ ಗಂಗಾವತಿಗೆ ಹೋದೆ. ಕಾಲುವೆಗೆ ನೀರು ಬಿಟ್ಟಿದ್ದರು. ಬಸ್ಸಿನ ಎರಡೂ ಕಡೆ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಕಡೆಯಿಂದ ತೆಲುಗು ಹಾಡು ಕೇಳುತ್ತಿತ್ತು. ಯಂಕಪ್ಪ ಮಾಸ್ತರರ ಮನೆಯಲ್ಲಿ ಟ್ರಂಕಿನೊಳಗೆ ಪಂದ್ಯಾವಳಿಯ ಎಲ್ಲ ಆಟಗಳ ಕಾರ್ಬನ್ ಪ್ರತಿಗಳು ಇದ್ದವು. ಆಟಗಾರರು ಪ್ರತಿ ನಡೆಯನ್ನೂ ಬರೆದು ಕೊನೆಗೆ ಸಹಿ ಹಾಕಿದ ಹಾಳೆಗಳು. ದಾಖಲೆಗೆ ಬೇಕು ಎಂದೆ. ಯಾವ ದಾಖಲೆಗೆ ಎಂದು ಅವರು ಕೇಳಲಿಲ್ಲ. ಶರಣಗೌಡರ ನಾಲ್ಕು ಹಾಳೆ ಆರಿಸಿ ಕೊಟ್ಟು, ಒಣ ಚೀಲದಲ್ಲಿಟ್ಟುಕೊಳ್ಳಲು ಹೇಳಿದರು.

ನಾಲ್ಕೂ ಆಟಗಳಲ್ಲಿ ಅವರ ಮೊದಲ ಐದು ನಡೆ ಒಂದೇ. ಎದುರಿನವರು ಏನು ಆಡಿದರೂ ಅವರು ಅದನ್ನೇ ಆಡಿದ್ದರು. ರಾಜನ ಕಡೆಯ ಕುದುರೆಯ ಮುಂದಿನ ಪ್ಯಾದೆ ಒಂದು ಮನೆ ಮುಂದೆ. ಅದು ಬಿಟ್ಟ ಜಾಗಕ್ಕೆ ಓರೆಯಾಗಿ ನಡೆಯುವ ಒಂಟೆ. ಮಂತ್ರಿಯ ಮುಂದಿನ ಪ್ಯಾದೆ ಒಂದು ಮನೆ. ಅದು ಬಿಟ್ಟ ಜಾಗಕ್ಕೆ, ಅಂದರೆ ಮಂತ್ರಿಯ ಮುಖದ ಮುಂದೆ, ಇನ್ನೊಂದು ಕುದುರೆ. ಐದನೆಯದಾಗಿ ರಾಜನ ಮುಂದಿನ ಪ್ಯಾದೆ ಒಂದು ಮನೆ. ಅಲ್ಲಿಗೆ ಕೋಟೆಯ ಬಾಗಿಲು ಮುಚ್ಚುತ್ತದೆ. ಇದು ನಮ್ಮ ಕಟ್ಟೆಯ ಕೋಟೆ. ಕೊಪ್ಪಳದಲ್ಲಿ ಅರ್ಧ ಜನ ಹೀಗೇ ಆರಂಭಿಸುತ್ತಿದ್ದರು. ಪ್ಯಾದೆಗೆ ಒಂದೇ ಮನೆ ಇರುವ ಆಟದಲ್ಲಿ ಬೆಳೆದವರ ಕೈ ಎರಡು ಮನೆ ಇಡಲು ಹಿಂಜರಿಯುತ್ತದೆ.

ಜುಲೈ ಪೂರ್ತಿ ನನಗೆ ಏನೂ ಸಿಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪನ ಕಾಯಿಗಳನ್ನು ಕಚೇರಿಯ ಮೇಜಿನ ಮೇಲೆ ಹರಡುತ್ತಿದ್ದೆ. ಕೆಂಪು ರಾಜನ ಜಾಗದಲ್ಲಿ ಖಾಲಿ ದಾರದ ರೀಲು. ಕೋಟೆ ಕಟ್ಟಿ ಮುಗಿದ ಮೇಲೆ ಎಲ್ಲಿಂದ ನುಗ್ಗಿದರೂ ಕಾಯಿಗಳು ಕೋಟೆಯ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದವು.

ಆಗಸ್ಟ್‌ನ ಒಂದು ಮಧ್ಯಾಹ್ನ ನಾನು ಕೆಲಸದ ರೂಢಿಯಂತೆ ಮಾಡಿದೆ. ಕರಡು ತಿದ್ದುವವರು ಮುಖ್ಯ ಶೀರ್ಷಿಕೆಯನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತಾರೆ. ಮುಂದಿನಿಂದ ಓದಿದರೆ ಕಣ್ಣು ಅರ್ಥ ಹಿಡಿದು ಓಡುತ್ತದೆ, ತಪ್ಪು ಕಾಣುವುದಿಲ್ಲ. ಹಿಂದಿನಿಂದ ಓದಿದರೆ ಒಂದೊಂದೇ ಅಕ್ಷರ ನಿಲ್ಲುತ್ತದೆ. ಶರಣಗೌಡರ ಹಾಳೆಯನ್ನು ಹಾಗೆ ಓದಿದೆ. ಐದನೆಯ ನಡೆ ಹಿಂದಕ್ಕೆ ತೆಗೆದೆ. ಬಾಗಿಲು ತೆರೆಯಿತು.

ಆ ಒಂದು ನಡೆಯ ಹೊತ್ತು ರಾಜನ ಮಗ್ಗುಲಿನ ಒಂಟೆಯ ಪ್ಯಾದೆಗೆ ರಾಜನೊಬ್ಬನೇ ಕಾವಲು. ನನ್ನ ಒಂಟೆ ಆ ಪ್ಯಾದೆಯನ್ನು ಹೊಡೆದು ಸತ್ತರೆ ರಾಜ ಹೊರಗೆ ಬರಬೇಕು. ನನ್ನ ಕುದುರೆ ಮುಂದೆ ಜಿಗಿದು ಶಹ ಕೊಡುತ್ತದೆ. ಅದರ ಮುಂದಿನ ಜಿಗಿತಕ್ಕೆ ಕುದುರೆ ಅವರ ಕೋಟೆಯ ಎದೆಯಲ್ಲಿ ಕೂರುತ್ತದೆ. ಆ ಮನೆ ಕಾಯಬೇಕಾದ ಅವರ ಒಂಟೆಯ ದಾರಿಗೆ ಅವರದೇ ಕುದುರೆ ಅಡ್ಡ ಕುಳಿತಿರುತ್ತದೆ. ರಾಜ ಹಿಂದೆ ತನ್ನ ಮನೆಗೆ ಹೋದರೆ ಮಂತ್ರಿಗೆ ಸರಿಯಲು ಜಾಗವಿಲ್ಲ: ಎಡಕ್ಕೆ ತನ್ನ ಒಂಟೆ, ಬಲಕ್ಕೆ ತನ್ನ ರಾಜ, ಎದುರಿಗೆ ತನ್ನ ಕುದುರೆ, ಎರಡು ಮೂಲೆಗೆ ತನ್ನವೇ ಪ್ಯಾದೆಗಳು. ರಾಜ ಮುಂದೆ ಬಂದರೆ ನೇರ ಮಾತ್. ಪಕ್ಕಕ್ಕೆ ಹೋದರೆ ಶಹದ ಜೊತೆಗೇ ಮಂತ್ರಿ ಹೋಗುತ್ತದೆ.

ಇದು ಇಷ್ಟು ವರ್ಷ ಕಟ್ಟೆಯ ಮೇಲೆ ಯಾರಿಗೂ ಯಾಕೆ ಕಾಣಲಿಲ್ಲ ಎಂಬುದಕ್ಕೂ ಲೆಕ್ಕ ಸಿಕ್ಕಿತು. ನಮ್ಮ ಆಟದಲ್ಲಿ ಈ ದಾಳಿಗೆ ಸಿದ್ಧವಾಗಲು ಆರು ನಡೆ ಬೇಕು, ಯಾಕೆಂದರೆ ಎರಡು ಪ್ಯಾದೆಗಳಿಗೆ ಎರಡೆರಡು ನಡೆ ಹೋಗುತ್ತದೆ. ಅಷ್ಟರಲ್ಲಿ ಐದನೆಯದು ಬಿದ್ದು ಬಾಗಿಲು ಮುಚ್ಚಿರುತ್ತದೆ. ಹೊಸ ನಿಯಮದಲ್ಲಿ ನಾಲ್ಕು ನಡೆ ಸಾಕು. ಶರಣಗೌಡರು ಹೊಸ ನಿಯಮ ಓದಿದ್ದರು. ಹೊಸ ನಿಯಮ ತಮ್ಮ ಹಳೆಯ ಕೋಟೆಗೆ ಏನು ಮಾಡಿದೆ ಎಂದು ನೋಡಿರಲಿಲ್ಲ.

ಹಾಳೆಗಳನ್ನು ಚೀಲಕ್ಕೆ ಹಾಕಿ ಮುಂದಿನ ಪುಟದ ಕರಡು ತೆಗೆದುಕೊಂಡೆ. ಕುಷ್ಟಗಿಯ ಕಡೆ ಸಜ್ಜೆ ಚೆನ್ನಾಗಿ ಬಂದಿದೆ ಎಂಬ ಸುದ್ದಿ.

ಈ ಉಪಾಯಕ್ಕೆ ಒಂದೇ ಅವಕಾಶ ಇತ್ತು. ಒಮ್ಮೆ ಯಾರಾದರೂ ಆಡಿ ತೋರಿಸಿದರೆ ಶರಣಗೌಡರು ಐದನೆಯ ನಡೆಯನ್ನು ಮೊದಲೇ ಆಡುತ್ತಾರೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಅಪ್ಪನಿಗೂ ಹೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಯಲಬುರ್ಗಾದಲ್ಲಿ ತಾಲ್ಲೂಕು ಪಂದ್ಯ ನಡೆಯಿತು. ನಡೆಯ ಹೊತ್ತು ಅಳೆಯುವ ಗಡಿಯಾರದ ಎದುರು ಕೂತು ಅಭ್ಯಾಸವಾಗಲಿ ಎಂದು ಹೋದೆ. ಎರಡನೆಯ ಸುತ್ತಿನಲ್ಲಿ ಅಲ್ಲಿನ ಗೊಬ್ಬರದ ಅಂಗಡಿಯವರೊಬ್ಬರು ನನ್ನ ಎದುರು ಅದೇ ಕೋಟೆ ಕಟ್ಟತೊಡಗಿದರು. ನಾಲ್ಕು ನಡೆಯಾದವು. ಬಾಗಿಲು ತೆರೆದೇ ಇತ್ತು. ಪಕ್ಕದ ಮೇಜಿನಲ್ಲಿ ತಮ್ಮ ನಡೆ ಇಟ್ಟು ಎದ್ದ ಶರಣಗೌಡರು ಕೈ ಹಿಂದೆ ಕಟ್ಟಿ ನಮ್ಮ ಮಣೆ ನೋಡುತ್ತ ನಿಂತಿದ್ದರು. ನಾನು ಒಂಟೆ ಬಿಟ್ಟು ಮೂಲೆಯ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟೆ. ಮೂವತ್ತೊಂದನೆಯ ನಡೆಯಲ್ಲಿ ಸೋತೆ. ಏಳುವಾಗ ಶರಣಗೌಡರು ಮೃದುವಾಗಿ ಹೇಳಿದರು.

"ತಂಗಿ, ನಿಮ್ಮ ಮನ್ಯಾಗ ಆಟ ಭಾಳ ಐತಿ. ನಿಯಮ ಸ್ವಲ್ಪ ಕಡಿಮಿ ಐತಿ."

"ಕಲಿಯಾಕತ್ತೀನ್ರಿ" ಎಂದೆ.

ಡಿಸೆಂಬರ್‌ನಲ್ಲಿ ಎರಡನೆಯ ಜಿಲ್ಲಾ ಪಂದ್ಯಾವಳಿ ಗಂಗಾವತಿಯಲ್ಲಿ. ಭತ್ತದ ಕೊಯ್ಲು ಮುಗಿದಿತ್ತು. ಅಕ್ಕಿ ಗಿರಣಿಯೊಂದರ ಗೋದಾಮನ್ನು ಗುಡಿಸಿ ಮೇಜು ಹಾಕಿದ್ದರು. ಹೊಟ್ಟಿನ ಧೂಳು ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು, ಎಲ್ಲರೂ ಸೀನುತ್ತಿದ್ದರು. ತೀರ್ಪುಗಾರರು ಯಂಕಪ್ಪ ಮಾಸ್ತರರೇ. ಮೊದಲ ಎರಡು ಸುತ್ತಿನಲ್ಲಿ ಒಂದು ಗೆದ್ದೆ, ಒಂದು ಸಮ. ಮೂರನೆಯ ಸುತ್ತಿಗೆ ಚೀಟಿ ಎತ್ತಿದಾಗ ನನ್ನ ಎದುರು ಶರಣಗೌಡರ ಹೆಸರು ಬಂತು. ಹನ್ನೊಂದು ತಿಂಗಳಲ್ಲಿ ನನ್ನ ಕೈಯಲ್ಲಿಲ್ಲದ ಸಂಗತಿ ಎರಡೇ ಇದ್ದವು. ಒಂದು ಈ ಚೀಟಿ. ಇನ್ನೊಂದು ಮೊದಲ ನಡೆ ಯಾರದು ಎಂಬುದು. ಅದು ಅವರದಾದರೆ ನನ್ನ ಲೆಕ್ಕಕ್ಕೆ ಒಂದು ನಡೆ ಸಾಲುತ್ತಿರಲಿಲ್ಲ.

ಯಂಕಪ್ಪ ಮಾಸ್ತರರು ನಾಣ್ಯ ತೆಗೆದರು. ಶರಣಗೌಡರು ಕೈ ಅಡ್ಡ ಮಾಡಿದರು.

"ಬಿಡ್ರಿ ಮಾಸ್ತರ, ಹೆಣ್ಮಗಳು. ಮೊದಲ್ನೇ ನಡಿ ಆಕಿನ ಇಡ್ಲಿ."

ನಾಣ್ಯ ಜೇಬಿಗೆ ಹೋಯಿತು.

ರಾಜನ ಪ್ಯಾದೆ ಎರಡು ಮನೆ ಇಟ್ಟೆ. ಮಂತ್ರಿಯ ಪ್ಯಾದೆ ಎರಡು ಮನೆ. ಕುದುರೆ ಹೊರಗೆ. ನಾಲ್ಕನೆಯದಾಗಿ ಒಂಟೆಯನ್ನು ಮಣೆಯ ನಡುವಿಗೆ ತಂದೆ. ಅಷ್ಟರಲ್ಲಿ ಅವರು ತಮ್ಮ ಮೂರು ನಡೆ ಮುಗಿಸಿ ಕನಕಗಿರಿಯ ಗೆಳೆಯರೊಬ್ಬರ ಜೊತೆ ಸಂತೆಯ ಎತ್ತಿನ ವಿಷಯ ಮಾತಾಡುತ್ತಿದ್ದರು. ಒಂಟೆಯನ್ನು ಅರ್ಧ ಕ್ಷಣ ನೋಡಿದರು. ಅವರ ಕೈ ಯಾವ ಕಾಯಿಯ ಮೇಲೆ ಇಳಿಯುತ್ತದೆ ಎಂದು ನಾನು ನೋಡಲಿಲ್ಲ. ನನ್ನ ಹಾಳೆಯ ಮೇಲೆ ದಿನಾಂಕ ಬರೆಯುತ್ತಿದ್ದೆ. ತಲೆ ಎತ್ತಿದಾಗ ಕುದುರೆ ಮಂತ್ರಿಯ ಮುಂದೆ ಕುಳಿತಿತ್ತು.

ಒಂಟೆಯಿಂದ ಪ್ಯಾದೆ ಹೊಡೆದು, ಶಹ ಎಂದೆ.

ಸುತ್ತ ನಿಂತವರಲ್ಲಿ ಒಬ್ಬರು ನಕ್ಕರು. ಶರಣಗೌಡರು ಮಾತು ನಿಲ್ಲಿಸಿ ಮಣೆಗೆ ತಿರುಗಿದರು. "ಕರಡು ತಪ್ಪಿತೇನ್ ತಂಗಿ?" ಎಂದು ರಾಜನಿಂದ ಒಂಟೆಯನ್ನು ತೆಗೆದುಕೊಂಡರು. ಕುದುರೆ ಜಿಗಿಸಿ ಎರಡನೆಯ ಶಹ ಕೊಟ್ಟೆ. ಈಗ ಅವರು ಯೋಚಿಸಿದರು. ಮುಂದೆ ಬಂದರೆ ಮಾತ್ ಎಂಬುದು ಕಂಡಿತು, ಪಕ್ಕಕ್ಕೆ ಹೋದರೆ ಮಂತ್ರಿ ಹೋಗುವುದೂ ಕಂಡಿತು. ರಾಜನನ್ನು ಹಿಂದೆ ತನ್ನ ಮನೆಗೇ ಒಯ್ದರು. ಸಮಾಧಾನದ ಉಸಿರು ಕೇಳಿಸಿತು. ನಾನು ಕುದುರೆಯನ್ನು ಕೋಟೆಯ ಎದೆಯಲ್ಲಿಟ್ಟೆ.

ಮಂತ್ರಿಗೆ ಏಟು ಬಿದ್ದಿದ್ದು ನೋಡಿ ಅವರು ರೂಢಿಯಂತೆ ಮಂತ್ರಿಯನ್ನು ಎತ್ತಿದರು. ಎತ್ತಿದ ಮೇಲೆ ಇಡಲು ಮನೆ ಹುಡುಕಿದರು. ಕೈ ಎಡಕ್ಕೆ ಹೋಯಿತು, ನಿಂತಿತು, ಬಲಕ್ಕೆ ಬಂತು, ಮುಂದೆ ಹೋಯಿತು. ಮಂತ್ರಿ ಗಾಳಿಯಲ್ಲೇ ಇತ್ತು. ನಾನು ಕೈ ಎತ್ತಿದೆ.

"ಯಂಕಪ್ಪ ಮಾಸ್ತರ, ಮುಟ್ಟಿದ ಕಾಯಿ."

ಇದರಿಂದ ನನಗೆ ಮಣೆಯ ಮೇಲೆ ಲಾಭವಿಲ್ಲ ಎಂದು ಗೊತ್ತಿತ್ತು. ಮುಟ್ಟಿದ ಕಾಯಿಗೆ ನಡೆಯಲು ಜಾಗವೇ ಇಲ್ಲದಿದ್ದರೆ ಬೇರೆ ಕಾಯಿ ನಡೆಸಬಹುದು. ಆ ನಿಯಮ ನಾನು ಓದಿದ್ದೆ. ಆದರೂ ಕರೆದೆ. ಯಂಕಪ್ಪ ಮಾಸ್ತರರು ಬಂದು, ಬಗ್ಗಿ, ಮಂತ್ರಿಯ ಸುತ್ತಲಿನ ಐದೂ ಮನೆಗಳನ್ನು ಬೆರಳಿನಿಂದ ಒಂದೊಂದಾಗಿ ತೋರಿಸಿ ಎಣಿಸಿದರು. ಎಲ್ಲರೂ ಎಣಿಸಿದರು. "ಇದಕ್ಕ ಹೋಗಾಕ ಜಾಗ ಇಲ್ರಿ ಗೌಡ್ರ. ತಿರುಗಿ ಇಡ್ರಿ. ಬ್ಯಾರೆ ಯಾವುದರ ನಡಸ್ರಿ" ಎಂದರು. ಶರಣಗೌಡರು ಮಂತ್ರಿಯನ್ನು ಅದರ ಮನೆಯಲ್ಲೇ ತಿರುಗಿ ಇಟ್ಟರು. ಅದು ಓರೆಯಾಗಿ ನಿಂತಿತು. ನಾನು ಸರಿಮಾಡಲಿಲ್ಲ.

ಅವರು ಇನ್ನೂ ಒಂಬತ್ತು ನಡೆ ಆಡಿದರು. ನಂತರ ಹಾಳೆಗೆ ಸಹಿ ಹಾಕಿದರು.

ಕನಕಗಿರಿಯ ಗೆಳೆಯರು ಸುಮ್ಮನಿರಲಿಲ್ಲ. "ಗೌಡ್ರ, ನಿಮ್ಮ ಮಂತ್ರಿ ಭಾಳ ಸಂಸಾರಸ್ಥ ಅದಾನ. ಮನಿ ಬಿಟ್ಟು ಹೊರಗ ಬರಲೇ ಇಲ್ಲ" ಎಂದರು. ನಗು ಗೋದಾಮಿನ ತಗಡಿಗೆ ಬಡಿಯಿತು. ಶರಣಗೌಡರು ಕೋರ್ಟಿನಲ್ಲಿ ಕೇಸು ಸೋತಾಗಲೂ ನಗಿಸಿ ಹೊರಬರುವವರು. ಅವತ್ತೂ ಹಾಗೇ 'ಲೆಕ್ಕ ಮುಗಿಸಿ' ಹೊರಬರಲು ನೋಡಿದರು.

"ನಗಬ್ಯಾಡ್ರಿ. ಸಮ ಆತು, ಅಷ್ಟ. ಸಂಕ್ರಮಣ ಆದ ಮ್ಯಾಲೆ ಇವರಪ್ಪಗ ಜಿಗಿತ ಐತಿ ಅಂತ ಹೇಳಿ ನಾ ಕೆಡವಿದ್ನಿ. ಈಗ ಮಗಳು ನನ್ನ ಕೆಡವ್ಯಾಳ. ಸಮ."

ನನ್ನ ಚೀಲದಲ್ಲಿ ಕಚೇರಿಯ ನೋಟ್‌ಬುಕ್ ಇತ್ತು. ತೆಗೆದೆ.

"ಇನ್ನೊಮ್ಮೆ ಹೇಳ್ರಿ ಗೌಡ್ರ. ಬರ್ಕೊಳ್ತೀನಿ."

"ಏ ತಂಗಿ, ಆಟದಾಗಿನ ಮಾತು. ಪೇಪರಿಗೆ ಯಾಕ?"

"ಪೇಪರಿನ್ಯಾಗ ಬಂದೈತ್ರಿ. ಪೇಪರಿನ್ಯಾಗ ಹೋಗ್ಬೇಕು."

ಅವರು ಯಂಕಪ್ಪ ಮಾಸ್ತರರ ಕಡೆ ನೋಡಿದರು. ಮಾಸ್ತರರು ಕಾಯಿಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ತಲೆ ಎತ್ತದೆ, "ಹೇಳಿದ್ದು ನಾ ಕೇಳೇನ್ರಿ" ಎಂದರು. ಕನಕಗಿರಿಯವರು ನಗು ನಿಲ್ಲಿಸಿದ್ದರು. ನಾನು ಇಬ್ಬರ ಹೆಸರೂ ಬರೆದುಕೊಂಡೆ, ಹೊತ್ತು ಬರೆದುಕೊಂಡೆ: ಮಧ್ಯಾಹ್ನ ಮೂರು ಇಪ್ಪತ್ತು. ಆಮೇಲೆ ಶರಣಗೌಡರಿಗೆ ಹೇಳಬೇಕಾದದ್ದನ್ನು ಹೇಳಿದೆ.

"ಸಮ ಅಲ್ರಿ. ನಾ ನಿಮಗ ಸುಳ್ಳು ಹೇಳಿ ಗೆದ್ದಿಲ್ಲ."

ನಾಲ್ಕನೆಯ ಸುತ್ತಿಗೆ ಅವರು ಕೂರಲಿಲ್ಲ. ನಾನು ಕೂತೆ, ಸೋತೆ.

ಸಂಪಾದಕರು ನೋಟ್‌ಬುಕ್ ಓದಿ ಯಂಕಪ್ಪ ಮಾಸ್ತರರಿಗೆ ಫೋನ್ ಮಾಡಿ ಕೇಳಿದರು. ಕನಕಗಿರಿಯವರಿಗೂ ಮಾಡಿದರು. ನಂತರ ಶರಣಗೌಡರಿಗೆ ಮಾಡಿದರು. ಅವರು ಮನೆಯಲ್ಲಿಲ್ಲ ಎಂದು ಮನೆಯವರು ಹೇಳಿದರು, ಹಿಂದಿನಿಂದ ಅವರ ಕೆಮ್ಮು ಕೇಳಿಸಿತಂತೆ. ಎರಡು ದಿನ ಬಿಟ್ಟು ಮೂರನೆಯ ಪುಟದ ಕೆಳಗೆ ಬಂತು: 'ತಿದ್ದುಪಡಿ. ಕಳೆದ ಜನವರಿಯಲ್ಲಿ ಪ್ರಕಟವಾದ ಚೆಸ್ ಪಂದ್ಯದ ವರದಿಯಲ್ಲಿ ಹನುಮಂತಪ್ಪ ಅವರನ್ನು ನಿಯಮ ಅರಿಯದವರು ಎನ್ನಲಾಗಿತ್ತು. ಅವರಿಗೆ ಎದುರಾಳಿ ಶರಣಗೌಡ ಅವರೇ ನಿಯಮವನ್ನು ತಪ್ಪಾಗಿ ತಿಳಿಸಿದ್ದರು. ಪತ್ರಿಕೆ ವಿಷಾದಿಸುತ್ತದೆ.' ನಾನು ಅದನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಓದಿ ಸಹಿ ಹಾಕಿದೆ.

ಬೆಳಿಗ್ಗೆ ಪತ್ರಿಕೆಯನ್ನು ನಾನೇ ಅಂಗಡಿಗೆ ಒಯ್ದೆ. ಜೊತೆಗೆ ಶರಣಗೌಡರ ಸಹಿ ಇದ್ದ ಹಾಳೆಯನ್ನೂ ಒಯ್ದೆ. ಅಪ್ಪ ತಿದ್ದುಪಡಿ ಓದಿದರು. ಹಾಳೆಯನ್ನು ಹೆಚ್ಚು ಹೊತ್ತು ನೋಡಿದರು, ತುಟಿ ಅಲುಗಾಡಿಸುತ್ತ ಒಂದೊಂದು ನಡೆಯನ್ನೂ ಮನಸ್ಸಿನಲ್ಲೇ ಆಡಿದರು. ಏಳನೆಯ ನಡೆಗೆ ಬಂದಾಗ ಅವರ ಬೆರಳು ನಿಂತಿತು. "ಛಲೋ ಕಂಡ್ಹಿಡಿದಿ" ಎಂದರು. ನಾನು ಚೀಲದಿಂದ ಕಾಯಿಗಳನ್ನು ತೆಗೆದು ಕಟ್ಟೆಯ ಮೇಲೆ ಇಡತೊಡಗಿದೆ. ಕೆಂಪು ರಾಜನಿಗೆ ಕೈ ಚಾಚಿದೆ. ಅದು ಒಬ್ಬರ ಅಂಗಿಯ ತುಂಡುಗಳ ಮೇಲೆ ಕೂತಿತ್ತು.

"ಅದು ಅಲ್ಲೇ ಇರ್ಲಿ. ಅರಿವಿ ಹಾರ್ತಾವ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅಪ್ಪ ಯಂತ್ರಕ್ಕೆ ದಾರ ಪೋಣಿಸಿದರು. ಸಿಟ್ಟಿಲ್ಲದೆ, ಅಳತೆ ಹೇಳುವ ದನಿಯಲ್ಲಿ ಹೇಳಿದರು.

"ಎರಡನೇ ಹಾಳಿ ಓದವಾ ಅಂತ ಅವತ್ತ ಕೇಳಿದ್ನಿ. ನಿನಗ ಹೊತ್ತಾಗಿತ್ತು."

ಯಂತ್ರ ಶುರುವಾಯಿತು.

ಅಪ್ಪ 2007ರಲ್ಲಿ ತೀರಿಕೊಂಡರು. 1998ರ ಜನವರಿಯ ನಂತರ ಅವರು ಆಡಿದ ಆಟದ ದಾಖಲೆ ಇಲ್ಲ. ಕೆಂಪು ರಾಜ ಈಗ ನನ್ನ ಮೇಜಿನ ಮೇಲಿದೆ; ಬುಡದ ಬಣ್ಣ ಬಿಟ್ಟಿದ್ದರಿಂದ ಕಳೆದ ತಿಂಗಳು ಕಿನ್ನಾಳಕ್ಕೆ ಒಯ್ದಿದ್ದೆ. ಶರಣಗೌಡರು ವಕೀಲಿ ಬಿಟ್ಟಿದ್ದಾರೆ, ಆಟ ಬಿಟ್ಟಿಲ್ಲ. ಅವರ ಆಟದ ಹಾಳೆಗಳನ್ನು ಸಿಕ್ಕಲ್ಲೆಲ್ಲ ನಾನು ಈಗಲೂ ತರಿಸಿಕೊಳ್ಳುತ್ತೇನೆ. ಕೊನೆಯದು ಹೋದ ವರ್ಷದ್ದು, ಕುಷ್ಟಗಿಯಲ್ಲಿ ಆಡಿದ್ದು. ಅದೇ ಕೋಟೆ. ಐದನೆಯದಾಗಿ ಇಡುತ್ತಿದ್ದ ರಾಜನ ಮುಂದಿನ ಪ್ಯಾದೆಯನ್ನು ಅವರು ಈಗ ಮೂರನೆಯ ನಡೆಯಲ್ಲಿ ಒಂದು ಮನೆ ಮುಂದಿಟ್ಟಿದ್ದಾರೆ.